ಬೆನಕಪ್ಪನ ಉಯಿಲಿಗೆ ಗಟ್ಟಿ ಸಾಕ್ಷಿ

ಅಂಗಡಿಯ ಬಾಗಿಲು ತೆಗೆಯುವ ಹೊತ್ತಿಗೆ ರಂಗಪ್ಪ ಸತ್ತ ಸುದ್ದಿ ಬಂತು. ಅಜ್ಜಂಪುರದ ಸ್ಟೇಷನ್ ರಸ್ತೆಯಲ್ಲಿ ಹಗ್ಗ, ಮೂಗುದಾರ, ಎತ್ತಿನ ಗಂಟೆ ಮಾರುತ್ತಿದ್ದ ಬೆನಕಪ್ಪ ಕೈಯಲ್ಲಿದ್ದ ಬಾಗಿಲ ಹಲಗೆಯನ್ನು ಕೆಳಗಿಟ್ಟು ಅಲ್ಲೇ ಕುಳಿತ. ರಂಗಪ್ಪ ಅವನ ನೆಂಟನಲ್ಲ, ಅಂಥ ಗೆಳೆಯನೂ ಅಲ್ಲ. ಆದರೆ ಬೆನಕಪ್ಪನ ಉಯಿಲುಗಳಿಗೆ ಸಾಕ್ಷಿ ಹಾಕಿದ ಆರು ಜನರಲ್ಲಿ ಜೀವಂತ ಉಳಿದಿದ್ದವನು ಅವನೊಬ್ಬನೇ.

ಹತ್ತು ವರ್ಷದ ಹಿಂದೆ ಹೆಂಡತಿ ಮಲ್ಲಿಕಾಂಬ ತೀರಿಕೊಂಡಾಗ ಬೆನಕಪ್ಪ ಮೊದಲ ಉಯಿಲು ಬರೆಸಿದ್ದ. ಮಕ್ಕಳಿರಲಿಲ್ಲ. ಮಲ್ಲಿಕಾಂಬನ ತಂಗಿಯ ಮಗಳು ಪಂಕಜಾಕ್ಷಿ, ಹೆತ್ತವರನ್ನು ಕಳೆದುಕೊಂಡು ಮೂರು ವರ್ಷದ ಕೂಸಾಗಿ ಬಂದವಳು, ಈ ಮನೆಯಲ್ಲೇ ಬೆಳೆದಿದ್ದಳು. ಮನೆ, ಅಂಗಡಿ ಎರಡೂ ಅವಳಿಗೇ ಸೇರಬೇಕೆಂಬುದು ಗಂಡಹೆಂಡಿರ ಆಸೆ. ಕಾಗದ ನಿಲ್ಲದಿದ್ದರೆ ಅವು ಹೋಗುವುದು ಪಕ್ಕದ ಮನೆಯ ಅಣ್ಣ ಮಲ್ಲಿಕಾರ್ಜುನಪ್ಪನಿಗೆ. ಆತ ಆಗಲೇ ತಮ್ಮನ ಅಂಗಡಿಯನ್ನು ಹೆಜ್ಜೆಯಲ್ಲಿ ಅಳೆದು, ತಾನು ಮಾರುವ ಹಿಂಡಿಯ ಮೂಟೆ ಎಷ್ಟು ಹಿಡಿಸುತ್ತವೆಂದು ನೋಡಿಟ್ಟುಕೊಂಡಿದ್ದ.

ಬೆನಕಪ್ಪ ಮಾಡಿದ ತಪ್ಪು ಒಂದೇ. ಸಾಕ್ಷಿ ಎಂದರೆ ತೂಕದ ಮನುಷ್ಯರಿರಬೇಕು ಎಂದು ಊರಿನ ಹಿರಿತಲೆಗಳನ್ನೇ ಹುಡುಕಿ ರುಜು ಹಾಕಿಸಿದ. ಎಂಬತ್ತೊಂದು ವರ್ಷದ ಪಟೇಲರು ಆ ಚಳಿಗಾಲ ದಾಟಲಿಲ್ಲ. ಪಿಂಚಣಿ ಮೇಷ್ಟರು ಮರುವರ್ಷ ಹೋದರು. ತರೀಕೆರೆಯ ವಕೀಲರೊಬ್ಬರು, "ಸಾಕ್ಷಿ ಹಾಕ್ದೋರು ಒಬ್ರಾದ್ರೂ ಬದುಕಿರ್ಬೇಕು ಕಣ್ರೀ. ನಾಳೆ ನಿಮ್ಮಣ್ಣ ಕೋರ್ಟಿಗೆ ಹೋದ್ರೆ, ನಾನು ಕಣ್ಣಾರೆ ನೋಡ್ದೆ ಅನ್ನೋಕೆ ಒಂದು ಬಾಯಿ ಬೇಡ್ವಾ? ಇಲ್ದಿದ್ರೆ ಆ ಹುಡುಗಿ ವರ್ಷಗಟ್ಲೆ ಅಲೀಬೇಕಾಗುತ್ತೆ" ಎಂದು ಹೆದರಿಸಿದರು. ಉಯಿಲು ಹೊಸದಾಯಿತು, ಸಾಕ್ಷಿಗಳೂ ಹೊಸಬರಾದರು, ಅವರ ವಯಸ್ಸು ಮಾತ್ರ ಹಳೆಯದೇ ಆಗಿತ್ತು. ಅವರೂ ಹೋದರು. ಮೂರನೆಯ ಸಲ ಒಬ್ಬ ಹಿರಿಯರ ಜೊತೆಗೆ, ಜಾಣತನ ಮಾಡಿ, ಐವತ್ತು ದಾಟದ ರಂಗಪ್ಪನನ್ನು ಹಿಡಿದಿದ್ದ. ಹಿರಿಯರು ಯುಗಾದಿಗೆ ಮುಂಚೆ ಹೋದರು. ಎರಡು ಮೂಟೆಯನ್ನು ಒಟ್ಟಿಗೆ ಹೊರುತ್ತಿದ್ದ ರಂಗಪ್ಪ ಈಗ ಮೂರೇ ದಿನದ ಜ್ವರಕ್ಕೆ ಹೊರಟುಹೋಗಿದ್ದ.

ಮಲ್ಲಿಕಾರ್ಜುನಪ್ಪ ಹಲ್ಲುಜ್ಜುತ್ತಲೇ ಬಂದು ಜಗಲಿಯ ಮೇಲೆ ಕುಳಿತ.

"ಏನೋ ಬೆನಕ, ಆರೂ ಆದ್ರಲ್ಲೋ."

"ಅವರವರ ಆಯಸ್ಸು ಮುಗೀತು ಅಣ್ಣ. ಕಾಗದ ಏನ್ಮಾಡುತ್ತೆ? ಅದೇನು ನಾಗರಹಾವಾ ಕಚ್ಚೋಕೆ?"

"ನಾನೇನೂ ಅನ್ನಲ್ಲಪ್ಪ. ಊರು ಅಂತಿದೆ. ರಂಗಪ್ಪನ ಹೆಂಡ್ತಿ ಅವನ ಹೆಸರಿಗಿಂತ ನಿನ್ನ ಹೆಸರು ಹಿಡಿದೇ ಜಾಸ್ತಿ ಅಳ್ತಿದಾಳೆ."

ಒಳಗಿನಿಂದ ರೊಟ್ಟಿ ತಂದ ಪಂಕಜಾಕ್ಷಿ ಬೆನಕಪ್ಪನ ಮುಖ ನೋಡಿದಳು. "ಎಂಬತ್ತು ವರ್ಷದೋರ ಕೈಲಿ ಸೈನ್ ಹಾಕಿಸ್ಕೊಂಡು, ಸತ್ರು ಸತ್ರು ಅಂದ್ರೆ ಹೆಂಗೆ ದೊಡ್ಡಪ್ಪ? ನಂಗೆ ಮನೇನೂ ಬೇಡ, ಅಂಗ್ಡೀನೂ ಬೇಡ. ಮೊದ್ಲು ನೀವು ತಿನ್ನಿ."

"ನಿಂಗೇನು ಗೊತ್ತಮ್ಮ" ಎಂದ ಬೆನಕಪ್ಪ, ಅಣ್ಣ ಅತ್ತ ಹೋದ ಮೇಲೆ. "ನಾನು ಕಣ್ಮುಚ್ಚಿದ ಮಾರನೇ ದಿನ ನಿನ್ನ ಟ್ರಂಕು ಬೀದೀಲಿರುತ್ತೆ."

ರೊಟ್ಟಿಯನ್ನು ಹಾಗೇ ಪಕ್ಕಕ್ಕಿಟ್ಟ. ಹೊಸ ಉಯಿಲಾಗುವ ತನಕ ಸಾಯುವ ಹಕ್ಕೂ ತನಗಿಲ್ಲ ಎಂಬ ಯೋಚನೆ ಬಂದದ್ದೇ ತಡ, ಅವನ ಎದೆ ಡವಡವ ಹೊಡೆದುಕೊಳ್ಳತೊಡಗಿತು. ಅದು ಹಾಗೆ ಹೊಡೆದುಕೊಳ್ಳುವುದನ್ನು ಕೇಳಿ ಅವನಿಗೆ ಇನ್ನಷ್ಟು ಭಯವಾಯಿತು. ಹಳೆಯ ಉಯಿಲನ್ನು ಕೋಟಿನ ಜೇಬಿನಲ್ಲಿಟ್ಟುಕೊಂಡು, ಸಾಕ್ಷಿ ಹುಡುಕಲು ಹೊರಟ.

ಮೊದಲು ಹೋದದ್ದು ಚಿಕ್ಕಬೀರಪ್ಪನ ಕಾಫಿ ಹೋಟೆಲಿಗೆ. ಚಿಕ್ಕಬೀರಪ್ಪನಿಗೆ ನಲವತ್ತು, ನೆಗಡಿ ಕೂಡ ಬಾರದ ಮೈ. ಬೆನಕಪ್ಪನ ಕೈ ಜೇಬಿನ ಕಡೆ ಹೋದದ್ದೇ ಅವನು ಒಲೆಯ ಮೇಲಿನ ಹಾಲನ್ನೂ ಮರೆತು ಹಿತ್ತಿಲ ಬಾಗಿಲಿಗೆ ನಡೆದ.

"ನಂಗೆ ಸಣ್ಣ ಸಣ್ಣ ಮಕ್ಳವೆ ಬೆನಕಪ್ಪೋರೇ. ಕಾಫಿ ಕುಡ್ದು ಹೋಗಿ, ದುಡ್ಡೂ ಕೊಡ್ಬೇಡಿ" ಎಂದು ಹಿತ್ತಿಲಿಂದಲೇ ಕೂಗಿದ. ಬೀಸುವ ದೊಣ್ಣೆ ತಪ್ಪಿದರೆ ಸಾವಿರ ವರ್ಷ ಆಯಸ್ಸು ಎಂಬುದು ಅವನ ದನಿಯಲ್ಲೇ ಇತ್ತು. ಒಲೆಯ ಮೇಲೆ ಹಾಲು ಉಕ್ಕಿತು.

ಬೀದಿಯಲ್ಲಿ ಅವನು ಬರುವುದು ಕಂಡರೆ ಸಾಕು, ಓದುಬರಹ ಬಲ್ಲವರೆಲ್ಲ ಬಾಗಿಲು ಹಾಕಿಕೊಂಡರು. ಅಕ್ಷರ ಬಾರದವರು ಹೆಬ್ಬೆರಳನ್ನು ಅಂಗೈಯೊಳಗೆ ಮಡಚಿಕೊಂಡರು. ಕೊನೆಗೆ ತಾನಾಗಿ ಅವನನ್ನು ಕರೆದವಳು ಹಾಲಮ್ಮ ಒಬ್ಬಳೇ. ಅವಳ ಮಾವ ಮೂರು ವರ್ಷದಿಂದ ಹಾಸಿಗೆ ಹಿಡಿದಿದ್ದ. ಆಚೆ ಈಚೆ ನೋಡಿ ಅವಳು ಮೆಲ್ಲಗೆ ಹೇಳಿದಳು.

"ಯಾರೂ ಸಿಗ್ಲಿಲ್ವಂತೆ. ನಮ್ಮ ಮಾವನ ಹೆಬ್ಬೆಟ್ಟು ಒತ್ತಿಸ್ಕೊಳ್ಳಿ. ಪಾಪ, ಮುದುಕಪ್ಪ ಭಾಳ ನರಳ್ತದೆ. ನಿಮ್ಗೂ ಪುಣ್ಯ ಬತ್ತದೆ."

ಬೆನಕಪ್ಪ ನೇರ ತರೀಕೆರೆಯ ಬಸ್ಸು ಹತ್ತಿದ. ತಿರುವಿನಲ್ಲಿ ಬಸ್ಸು ವಾಲಿದಾಗಲೆಲ್ಲ ಮುಂದಿನ ಸೀಟಿನ ಕಂಬಿಯನ್ನು ಎರಡೂ ಕೈಯಲ್ಲಿ ಹಿಡಿದು, ಇವತ್ತೊಂದು ದಿನ, ಇವತ್ತೊಂದೇ ದಿನ, ಎಂದು ದೇವರನ್ನು ಕೇಳಿಕೊಂಡ.

ತರೀಕೆರೆಯ ಸಬ್ ರಿಜಿಸ್ಟ್ರಾರ್ ಕಚೇರಿಯ ಮುಂದೆ, ಹೊಂಗೆ ಮರದ ಕೆಳಗೆ, ಇಳಿಜಾರು ಮುಚ್ಚಳದ ಪೆಟ್ಟಿಗೆ ಇಟ್ಟುಕೊಂಡು ಶಿವಮೂರ್ತಪ್ಪ ಮೂವತ್ತು ವರ್ಷದಿಂದ ಕ್ರಯಪತ್ರ, ಅಡಮಾನಪತ್ರ, ಉಯಿಲುಗಳನ್ನು ಬರೆಯುತ್ತಿದ್ದ. ಬೆನಕಪ್ಪ ಸತ್ತವರ ಸುದ್ದಿಯೊಂದನ್ನು ಬಿಟ್ಟು ಹೇಳಿದ್ದನ್ನೆಲ್ಲ ಕೇಳಿ ಕನ್ನಡಕದ ಮೇಲಿಂದ ನೋಡಿದ.

"ಸಾಕ್ಷಿ ಕರ್ಕೊಂಡ್ ಬಂದಿದೀರಾ?"

"ಇಲ್ಲ."

"ಒಂದು ಸಾಕ್ಷಿ ನಾನೇ ಹಾಕ್ತೀನಿ, ಬರೆದೋನೂ ಹಾಕ್ಬೋದು. ಇನ್ನೊಬ್ರನ್ನ ನೀವ್ ನೋಡ್ಕೊಳ್ಳಿ. ಸಾಕ್ಷಿ ಅಂದ್ರೆ ಏನ್ರೀ, ಒಂದು ರುಜು. ಅದಕ್ಯಾಕಿಷ್ಟು ಬೆವರ್ತೀರಿ?"

ಮರದ ಇನ್ನೊಂದು ಬದಿಯ ಬೆಂಚಿನಲ್ಲಿ ಅಗಲ ಎದೆಯ ಒಬ್ಬ ಮನುಷ್ಯ ಕೂತಿದ್ದ. ಕೈಯಲ್ಲಿ ಸುರುಳಿ ಸುತ್ತಿದ ಕಾಗದ. ಬೆನಕಪ್ಪ ಅವನ ಪಕ್ಕ ಕುಳಿತು, ಉಸಿರಾಟದಲ್ಲಿ ಗೊರಗೊರ ಇದೆಯೇ ಎಂದು ಕಿವಿಗೊಟ್ಟ. ಇರಲಿಲ್ಲ. ಅಷ್ಟರಲ್ಲಿ ಆ ಮನುಷ್ಯನೇ ಮಾತು ತೆಗೆದ.

"ತಮ್ಮ ತಂದೆಯೋರು ಎಷ್ಟು ವರ್ಷ ಬದುಕಿದ್ರು?"

ತಾನು ಕೇಳಬೇಕೆಂದಿದ್ದ ಪ್ರಶ್ನೆ ಅವನ ಬಾಯಿಂದ ಬಂದದ್ದು ಬೆನಕಪ್ಪನಿಗೆ ಹಿತವಾಯಿತು. "ಎಂಬತ್ತೆಂಟು. ತಮ್ಮೋರು?"

"ತೊಂಬತ್ತು. ಒಂದು ಹಲ್ಲು ಬಿದ್ದಿರ್ಲಿಲ್ಲ. ತಮಗೆ ಕೆಮ್ಮು, ಎದೆನೋವು ಏನಾದ್ರೂ?"

"ಏನೂ ಇಲ್ಲ. ತಮಗೆ?"

"ಕಲ್ಲು ತಿಂದ್ರೂ ಅರಗುತ್ತೆ. ಕಡೂರಲ್ಲಿ ತೆಂಗಿನಕಾಯಿ ಮಂಡಿ ನಂದು. ತಿಮ್ಮರಾಯಪ್ಪ ಅಂತಾರೆ. ತಪ್ಪು ತಿಳೀಬೇಡಿ, ಒಂದ್ಸಲ ಆ ಕಚೇರಿ ಮೆಟ್ಲು ಹತ್ತಿ ಇಳೀತೀರಾ?"

"ನೀವೂ ಬರೋದಾದ್ರೆ ಹತ್ತೀನಿ."

ಇಬ್ಬರು ಯಜಮಾನರು ಪಂಚೆ ಎತ್ತಿ ಕಟ್ಟಿ ಹನ್ನೆರಡು ಮೆಟ್ಟಿಲು ಹತ್ತಿದರು, ಇಳಿದರು. ಒಬ್ಬರ ಏದುಸಿರನ್ನು ಇನ್ನೊಬ್ಬರು ಆಲಿಸಿದರು. ಇಬ್ಬರಿಗೂ ಸಮಾಧಾನವಾಯಿತು. ತಿಮ್ಮರಾಯಪ್ಪನೂ ಉಯಿಲಿಗೇ ಬಂದಿದ್ದ. ಗಂಡನಿಲ್ಲದ ಅಕ್ಕ ಅಂಬಮ್ಮನ ಹೆಸರಿಗೆ ಒಂದು ತೋಟ ಬರೆಯಬೇಕಿತ್ತು. ನೀವು ನನ್ನದಕ್ಕೆ ಹಾಕಿ, ನಾನು ನಿಮ್ಮದಕ್ಕೆ ಹಾಕುತ್ತೇನೆ ಎಂದು ಮಾತಾಯಿತು. ಕಡೂರಿನಲ್ಲೇ ಕಚೇರಿ ಇರುವಾಗ ಈತ ಇಲ್ಲಿಗೇಕೆ ಬಂದ ಎಂಬ ಪ್ರಶ್ನೆ ಬೆನಕಪ್ಪನ ನಾಲಗೆಯ ತುದಿಗೆ ಬಂತು. ಕೇಳಿದರೆ, ನಿಮಗೆ ಅಜ್ಜಂಪುರದಲ್ಲಿ ಒಬ್ಬ ಸಾಕ್ಷಿಯೂ ಸಿಗಲಿಲ್ಲವೇ ಎಂದು ಅವನೂ ಕೇಳಿಯಾನು. ನುಂಗಿಕೊಂಡ.

ಎರಡು ಉಯಿಲುಗಳನ್ನೂ ಶಿವಮೂರ್ತಪ್ಪನೇ ಬರೆದ. ಎರಡಕ್ಕೂ ಒಂದು ಸಾಕ್ಷಿ ಅವನೇ ಹಾಕಿದ. ಮೂರು ಗಂಟೆಯೊಳಗೆ ರಿಜಿಸ್ಟರ್ ಆಗಿ, ಹೆಬ್ಬೆರಳಿನ ಮಸಿಯನ್ನು ತಲೆಗೆ ಒರೆಸಿಕೊಂಡು ಇಬ್ಬರೂ ಎದುರಿನ ಹೋಟೆಲಿಗೆ ಹೋದರು.

ಅಲ್ಲಿಂದ ಬೆನಕಪ್ಪನ ಸಂಕಟ ಶುರುವಾಯಿತು. ಕಾಗದ ಯಾರನ್ನೂ ಕೊಲ್ಲುವುದಿಲ್ಲ, ಅದು ನಿಜ. ಆದರೂ ತಿಮ್ಮರಾಯಪ್ಪ ಒಳ್ಳೆಯ ಮನುಷ್ಯ. ಉಪ್ಪಿಟ್ಟಿಗೆ ಇನ್ನೊಂದು ಚಮಚ ತುಪ್ಪ ಹಾಕಿಸಿ, "ತಗೊಳ್ಳಿ, ಮೈಗೆ ಒಳ್ಳೇದು" ಎಂದು ಉಪಚಾರ ಮಾಡುತ್ತಿದ್ದ. ರಸ್ತೆ ದಾಟುವಾಗ ದೂರದ ಲಾರಿ ಕಂಡೇ ಬೆನಕಪ್ಪನ ರಟ್ಟೆ ಹಿಡಿದು ನಿಲ್ಲಿಸಿದ್ದ. ಹೋಟೆಲಿನ ಮಾಣಿ ಮಾತಿಗೆ, "ಸಾಕ್ಷಿ ಕೆಲ್ಸವಾ ಸ್ವಾಮಿ?" ಎಂದು ಕೇಳಿದಾಗ, ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡಂತೆ, ಬೆನಕಪ್ಪನಿಗೆ ಇನ್ನು ತಡೆಯಲಾಗಲಿಲ್ಲ.

"ತಿಮ್ಮರಾಯಪ್ಪೋರೇ, ನಿಮಗೊಂದು ಮೋಸ ಮಾಡ್ಬಿಟ್ಟೆ."

"ಏನಾಯ್ತು?"

"ನನ್ನ ವಿಲ್ಲಿಗೆ ಹಿಂದೆ ಸಾಕ್ಷಿ ಹಾಕ್ದೋರು ಆರು ಜನ. ಆರೂ ಜನ ತೀರ್ಕೊಂಡ್ರು. ಆರ್ನೇಯೋನು ಇವತ್ತು ಬೆಳಗ್ಗೆ."

ತಿಮ್ಮರಾಯಪ್ಪನ ಲೋಟ ಬಾಯಿಯ ಹತ್ತಿರವೇ ನಿಂತಿತು. ಅದನ್ನು ಮೆಲ್ಲಗೆ ಮೇಜಿನ ಮೇಲಿಟ್ಟ.

"ಆರೇನಾ?" ಎಂದ.

"ಆರೇ."

"ನಂದು ಎಂಟು."

ಕಾಗದ ಏನು ಮಾಡುತ್ತೆ ಎಂದು ಬೆಳಗ್ಗೆ ಅಣ್ಣನನ್ನೇ ಕೇಳಿದ್ದ ಬೆನಕಪ್ಪನ ಮೈ ತಣ್ಣಗಾಯಿತು. ತನ್ನ ಆರು ಜನರಲ್ಲಿ ಐವರು ವಯಸ್ಸಾಗಿ ಸತ್ತವರು, ರಂಗಪ್ಪ ಜ್ವರಕ್ಕೆ. ಇವನ ಎಂಟು ಜನರ ವಿಷಯ ಬೇರೆ, ಅದರಲ್ಲಿ ಖಂಡಿತ ಏನೋ ಇದೆ.

"ಕಡೂರಲ್ಲಿ ನನ್ನ ಕಂಡ್ರೆ ಬೀದಿ ಬದಲಾಯಿಸ್ತಾರೆ. ಅದಕ್ಕೇ ಇಲ್ಲಿಗೆ ಬಂದೆ" ಎಂದು ತಿಮ್ಮರಾಯಪ್ಪ ಅಳುಮೋರೆ ಮಾಡಿದ. "ನಿಮ್ಮನ್ನ ನೋಡಿ ಗಟ್ಟಿ ಆಳು ಅಂದ್ಕೊಂಡೆ ಕಣ್ರೀ."

ಇಬ್ಬರೂ ಎದ್ದುಬಿದ್ದು ಹೊಂಗೆ ಮರಕ್ಕೆ ಓಡಿದರು. ಶಿವಮೂರ್ತಪ್ಪ ಪೆಟ್ಟಿಗೆಗೆ ಬೀಗ ಹಾಕುತ್ತಿದ್ದ. ಉಯಿಲುಗಳನ್ನು ರದ್ದು ಮಾಡಿಸಬೇಕು ಎಂದರು. ಕಾರಣ ಕೇಳಿ ಅವನು ಹೊಟ್ಟೆ ಹಿಡಿದು ನಕ್ಕ.

"ಓದಿದೋರಲ್ವೇನ್ರೀ ನೀವು? ಆರು, ಎಂಟು, ಹದಿನಾಲ್ಕು ಜನ. ಹತ್ತು ವರ್ಷದಲ್ಲಿ ಯಾರು ಸಾಯಲ್ಲ? ಸಾಕ್ಷಿ ಹಾಕಿದ್ರೆ ಸಾಯ್ತಾರೆ ಅನ್ನೋದಾದ್ರೆ, ನಿಮ್ಮ ಎರಡು ಕಾಗದಕ್ಕೂ ಹಾಕಿರೋ..."

ಅಲ್ಲಿಗೆ ನಗು ನಿಂತಿತು. ಅವನು ಬಲಗೈಯನ್ನು ಎತ್ತಿ ನೋಡಿಕೊಂಡ. ನಿಧಾನವಾಗಿ ಮತ್ತೆ ಚಾಪೆಯ ಮೇಲೆ ಕುಳಿತು ಬೀಗ ತೆಗೆದ.

"ಮೂರು ಹೆಣ್ಣುಮಕ್ಕಳು ನಂಗೆ. ತಮ್ಮಂದಿರು ನಾಲ್ಕು ಜನ" ಎಂದ, ಯಾರಿಗೆ ಹೇಳುತ್ತಿದ್ದೇನೆಂದು ತಿಳಿಯದವನಂತೆ. "ಮೂವತ್ತು ವರ್ಷ ಊರೋರಿಗೆಲ್ಲ ಬರ್ದೆ. ನಂದೊಂದು ಬರ್ಕೊಳ್ಲಿಲ್ಲ."

ಯಾವ ಉಯಿಲನ್ನೂ ಅವನು ಅಷ್ಟು ಬೇಗ ಬರೆದಿರಲಿಲ್ಲ. ಬರೆದು, ರುಜು ಹಾಕಿ, ಲೇಖನಿಯನ್ನು ಅವರತ್ತ ಚಾಚಿದ. "ಈ ಹೊತ್ತಲ್ಲಿ ಸಾಕ್ಷಿಗೆ ಯಾರ್ನ ಹುಡುಕ್ಲಿ? ನೀವಿಬ್ರೂ ಹಾಕಿ. ನಿಮ್ಮದಕ್ಕೆ ನಾನ್ ಹಾಕಿಲ್ವಾ?"

ಇಲ್ಲವೆನ್ನುವ ಮುಖ ಇಬ್ಬರಿಗೂ ಇರಲಿಲ್ಲ. ರದ್ದಿನ ಮಾತು ಅಲ್ಲಿಗೇ ಬಿತ್ತು. ಬೆನಕಪ್ಪ ರುಜು ಹಾಕಿ ಎದ್ದಾಗ ರಸ್ತೆಯ ಧೂಳಿಗೆ ಒಂದು ಕೆಮ್ಮು ಬಂತು. ಒಬ್ಬ ಬೆನ್ನು ನೀವಿದ, ಇನ್ನೊಬ್ಬ ನೀರಿಗೆ ಓಡಿದ. ಮನೆಯವರು ಕೂಡ ಅವನ ಕೆಮ್ಮಿಗೆ ಅಷ್ಟು ಗಾಬರಿಯಾದವರಲ್ಲ.

ಬಸ್ಸಿನಲ್ಲಿ ಕೂತ ಮೇಲೆ ಬೆನಕಪ್ಪನಿಗೆ ಪೂರ್ತಿ ಅರ್ಥವಾಯಿತು. ತನ್ನ ಉಯಿಲು ನಿಲ್ಲಬೇಕಾದರೆ ಅವರಿಬ್ಬರಲ್ಲಿ ಒಬ್ಬರಿಗಿಂತಲಾದರೂ ಮೊದಲು ತಾನು ಸಾಯಬೇಕು. ಅವರ ಉಯಿಲು ನಿಲ್ಲಬೇಕಾದರೆ ಅವರ ನಂತರ ಸಾಯಬೇಕು. ಅವರಿಬ್ಬರೂ ಇಷ್ಟು ಹೊತ್ತಿಗೆ ಇದನ್ನೇ ಯೋಚಿಸುತ್ತಿರುತ್ತಾರೆ. ದಿನವಿಡೀ ತನಗಿಂತ ಹೆಚ್ಚು ಬದುಕುವವನನ್ನು ಹುಡುಕಿದ್ದ. ಹುಡುಕಿದ್ದು ತನ್ನ ಸಾವಿನ ಸರದಿಯನ್ನೇ ಎಂದು ಈಗ ಹೊಳೆದು ಅವನ ಕಣ್ಣು ತುಂಬಿತು.

ಪಂಕಜಾಕ್ಷಿ ಬಾಗಿಲಲ್ಲೇ ಕಾದಿದ್ದಳು. "ಕೆಲ್ಸ ಆಯ್ತಾ ದೊಡ್ಡಪ್ಪ? ಈ ಸಲ ಸಾಕ್ಷಿ ಗಟ್ಟಿ ಇದಾರಾ?"

"ಗಟ್ಟಿ ಇದಾರೆ ಕಣಮ್ಮ. ನಾಳೆ ಪೋಸ್ಟಾಫೀಸಿಂದ ಎರಡು ಜವಾಬಿ ಕಾರ್ಡು ತರಿಸು. ಅವ್ರು ಹೆಂಗಿದಾರೆ ಅಂತ ವಾರವಾರ ಕೇಳ್ಬೇಕು."

ಅವನು ಬರೆಯುವ ಮೊದಲೇ, ನಾಲ್ಕನೆಯ ದಿನ ಬೆಳಗ್ಗೆ ಅಂಗಡಿ ತೆಗೆಯುವ ಹೊತ್ತಿಗೆ, ಶಿವಮೂರ್ತಪ್ಪನ ಕಾರ್ಡು ಬಂತು. ಕ್ರಯಪತ್ರದಷ್ಟೇ ಅಚ್ಚುಕಟ್ಟಾದ ಅಕ್ಷರ.

"ಉಭಯ ಕುಶಲೋಪರಿ. ಕಡೂರಿನವರಿಗೆ ಕೆಮ್ಮು ಹಿಡಿದಿದೆಯೆಂದು ತಿಳಿಯಿತು. ನನಗೂ ನಿನ್ನೆಯಿಂದ ಮೈ ಬೆಚ್ಚಗಿದೆ. ತಾವು ಆದಷ್ಟು ಬೇಗ ಬಂದು ತಮ್ಮ ಉಯಿಲನ್ನು ಹೊಸದಾಗಿ ಬರೆಸಿಕೊಳ್ಳುವುದು ಕ್ಷೇಮ. ಬರುವಾಗ ತಮ್ಮೂರಿನಿಂದ ಒಬ್ಬ ಗಟ್ಟಿ ಸಾಕ್ಷಿಯನ್ನು ಕರೆತರುವುದು."

ಬೆನಕಪ್ಪ ಕೈಯಲ್ಲಿದ್ದ ಬಾಗಿಲ ಹಲಗೆಯನ್ನು ಕೆಳಗಿಟ್ಟು ಅಲ್ಲೇ ಕುಳಿತ. ಹಲ್ಲುಜ್ಜುತ್ತಿದ್ದ ಮಲ್ಲಿಕಾರ್ಜುನಪ್ಪ ಪಕ್ಕದ ಜಗಲಿಯಿಂದ ನಿಧಾನವಾಗಿ ಇಳಿದು ಇತ್ತ ಬಂದ.