ಶ್ಯಾಮಣ್ಣನವರ ಲ್ಯಾಮಿನೇಶನ್ ಯಾತ್ರೆ

ಸ್ಪೇನ್ ದೇಶದಲ್ಲಿ ಸಿಗಲಿರುವ ಪ್ರಮಾಣಪತ್ರಕ್ಕಾಗಿ ಶ್ಯಾಮಣ್ಣನವರು ಜಾಲಹಳ್ಳಿಯ ತಮ್ಮ ಮನೆಯ ಗೋಡೆಗೆ ಮೂರು ವಾರ ಮೊದಲೇ ಮೊಳೆ ಹೊಡೆದರು. ಮೊಳೆಗೆ ಖಾಲಿ ಫ್ರೇಮನ್ನೂ ತೂಗಿಹಾಕಿದರು. ಗಾಜಿನ ಹಿಂದೆ ಏನೂ ಇಲ್ಲದ್ದರಿಂದ ಅದರಲ್ಲಿ ಎದುರಿನ ಕಿಟಕಿ, ಕಿಟಕಿಯಾಚೆಯ ನುಗ್ಗೆಮರ, ದಿನಕ್ಕೆ ಏಳೆಂಟು ಸಲ ಶ್ಯಾಮಣ್ಣನವರ ಮುಖ ಕಾಣುತ್ತಿತ್ತು.

“ನೂರ ಹದಿನೈದು ಕಿಲೋಮೀಟರು. ಆರು ದಿನ. ಒಂದು ಸ್ಟಾಪಿಗೂ ಬಸ್ಸು ಹತ್ತೋದಿಲ್ಲ,” ಎಂದು ಬೆಳಗಿನ ವಾಕಿಂಗ್ ಗೆಳೆಯರಿಗೆಲ್ಲ ಹೇಳಿಯಾಗಿತ್ತು. “ನಡೆದೆ ಅಂತ ಬಾಯಲ್ಲಿ ಯಾರು ಬೇಕಾದ್ರೂ ಹೇಳ್ತಾರೆ. ನಾನು ಕಾಗದ ತರ್ತೀನಿ.”

ಕಾಗದವೆಂಬುದು ಶ್ಯಾಮಣ್ಣನವರ ಮನೆದೇವರು. ಸರ್ಕಾರಿ ಕಾರ್ಖಾನೆಯೊಂದರ ಸ್ಟೋರ್ಸ್ ಕಿಟಕಿಯ ಹಿಂದೆ ಮೂವತ್ತಾರು ವರ್ಷ ಕೂತು ನಿವೃತ್ತರಾದವರು ಅವರು. ಸೀಲಿಲ್ಲದ ಚೀಟಿ ತಂದವನಿಗೆ ಒಂದು ಬೋಲ್ಟನ್ನೂ ಕೊಟ್ಟವರಲ್ಲ. “ನಾನು ನಿನ್ನ ನಂಬ್ತೀನಪ್ಪ. ಕಾಗದ ನಂಬಲ್ವಲ್ಲ,” ಎಂದು ಕಿಟಕಿ ಎಳೆದುಕೊಳ್ಳುತ್ತಿದ್ದರು. ಬಾಗಲಕೋಟೆ ಕಡೆಯಿಂದ ಬಂದು ಅದೇ ಕಾರ್ಖಾನೆಯಲ್ಲಿ ಕ್ರೇನಿನ ಕೆಳಗೆ ಭಾರ ಎತ್ತಿಸುತ್ತಿದ್ದ ಚನಬಸಪ್ಪನವರನ್ನು ಒಂದು ಜೊತೆ ಗ್ಲೌಸಿಗಾಗಿ ಮೂರು ದಿನ ಓಡಾಡಿಸಿದ ಕಿಟಕಿ ಅದು. ಚನಬಸಪ್ಪ ಈಗ ಹಿಂದಿನ ಬೀದಿಯಲ್ಲೇ ಬಾಡಿಗೆಗೆ ಇದ್ದಾರೆ. ಆ ಮೂರು ದಿನಗಳನ್ನು ಮರೆತಿಲ್ಲ.

ವಾಕಿಂಗ್ ಗೆಳೆಯ ವಿನಾಯಕ್‌ಗೆ ಒಂದು ಟ್ರಾವೆಲ್ಸ್ ಇದೆ. ಕಾಲ್ನಡಿಗೆಯ ಯಾತ್ರೆ ಆರು ದಿನ, ಆಮೇಲೆ ಮ್ಯಾಡ್ರಿಡ್, ಬಾರ್ಸಿಲೋನಾ ನೋಡಲು ನಾಲ್ಕು ದಿನ ಎಂದು ಅವನೇ ಆಸೆ ಹುಟ್ಟಿಸಿದ್ದು. ಪ್ರತಿ ಯಾತ್ರಿಕನಿಗೂ ಹೊರಡುವ ಮೊದಲೇ ಒಂದು ಮಡಿಕೆ ಪುಸ್ತಿಕೆ ಕೊಡುತ್ತಾರೆ. ದಾರಿಯುದ್ದಕ್ಕೂ ಛತ್ರ, ಕಾಫಿ ಅಂಗಡಿ, ಇಗರ್ಜಿಗಳಲ್ಲಿ ದಿನಕ್ಕೆ ಎರಡಾದರೂ ಸೀಲು ಹಾಕಿಸಬೇಕು. ಕೊನೆಯ ನೂರು ಕಿಲೋಮೀಟರಿನ ಸೀಲುಗಳು ಸರಿಯಾಗಿದ್ದರೆ ಸಾಂತಿಯಾಗೊ ಎಂಬ ಊರಿನ ಕಚೇರಿಯಲ್ಲಿ ಪ್ರಮಾಣಪತ್ರ. ಇದನ್ನು ಕೇಳಿ ಶ್ಯಾಮಣ್ಣನವರ ಕಣ್ಣು ಒದ್ದೆಯಾಯಿತು. ದೂರದ ಒಂದು ದೇಶ ತಮ್ಮ ಸ್ಟೋರ್ಸಿನ ನಿಯಮದಂತೆ ನಡೆಯುತ್ತಿರುವುದು ಅವರಿಗೆ ಇಷ್ಟು ದಿನ ಗೊತ್ತಿರಲಿಲ್ಲ.

ಹೆಂಡತಿ ಭದ್ರಮ್ಮನವರ ಲೆಕ್ಕಾಚಾರ ಬೇರೆ. “ದೇವರು ಯಾರದಾದ್ರೇನು ಕಣ್ರೀ, ಆರು ದಿನ ಬೆಳಿಗ್ಗೆ ಎದ್ದು ತಿಂಡಿ ಮಾಡೋದಿಲ್ಲ ಅಂದ್ರೆ ಅದೇ ಪುಣ್ಯ.”

ಇಬ್ಬರೂ ಎರಡು ತಿಂಗಳು ಚಿಕ್ಕಬಾಣಾವರ ಸ್ಟೇಷನ್ನಿನವರೆಗೆ ನಡೆದು ಅಭ್ಯಾಸ ಮಾಡಿದರು. ಒಂದು ದಿನ ಚನಬಸಪ್ಪ ಮನೆಗೆ ಬಂದು ಖಾಲಿ ಫ್ರೇಮನ್ನು ನೋಡಿದರು.

“ಹನ್ನೊಂದ ಸಲ ಶ್ರೀಶೈಲಕ್ಕ ನಡದೀನ್ರಿ ಸಾಹೇಬ್ರ. ಮಲ್ಲಯ್ಯ ಒಂದರೆ ಶಿಕ್ಕಾ ಹೊಡದಿಲ್ಲ ನೋಡ್ರಿ.”

“ಅದಕ್ಕೇ ಚನಬಸಪ್ಪ, ನಿನ್ನ ಯಾತ್ರೆಗೆ ಪುರಾವೆ ಇಲ್ಲ.”

ಚನಬಸಪ್ಪ ಕುರ್ಚಿಯಲ್ಲಿ ಕೂತು ಅಂಗಾಲು ಎತ್ತಿ ತೋರಿಸಿದರು. ಬೇಸಿಗೆಯ ಕೆರೆಯಂಗಳದ ಹಾಗೆ ಬಿರಿದಿತ್ತು. “ಇಲ್ಲೈತಲ್ಲರಿ.”

“ಅದರ ಮೇಲೆ ಸೀಲಿಲ್ಲ,” ಎಂದರು ಶ್ಯಾಮಣ್ಣ.

ಹೊರಡುವ ಹಿಂದಿನ ದಿನ ವಿನಾಯಕ್ ಫೋನು ಮಾಡಿ, ಆ ಕಡೆ ಮಳೆ ಜಾಸ್ತಿ, ಪುಸ್ತಿಕೆ ನೆನೆಯದಂತೆ ನೋಡಿಕೊಳ್ಳಿ ಎಂದ. ಶ್ಯಾಮಣ್ಣನವರು ಎದ್ದೇಬಿಟ್ಟರು. ಆ ಮನೆಯಲ್ಲಿ ರೇಷನ್ ಕಾರ್ಡು, ವಿಮೆ, ಗ್ಯಾಸ್ ಬುಕಿಂಗ್ ನಂಬರು, ಕಡೆಗೆ ಹಾಲಿನವನ ರಜಾದಿನಗಳ ಪಟ್ಟಿಗೂ ಪ್ಲಾಸ್ಟಿಕ್ ಹೊದಿಕೆ ಇತ್ತು. “ನಮ್ಮ ಮದುವೆ ವರ್ಷ ಈ ಮೆಷೀನು ಬಂದಿರ್ಲಿಲ್ಲ, ನಾನು ಬಚಾವು,” ಎಂದು ಭದ್ರಮ್ಮ ಆಗಾಗ ಹೇಳುವುದುಂಟು.

“ನಿಂದೂ ಕೊಡು, ಲ್ಯಾಮಿನೇಶನ್ ಮಾಡಿಸ್ಕೊಂಡ್ ಬರ್ತೀನಿ.”

“ನಂದು ಚಟ್ನಿಪುಡಿ ಜೊತೆ ಕಟ್ಟಿಟ್ಟಾಯ್ತು. ಈಗ ಬಿಚ್ಚಕ್ಕಾಗಲ್ಲ.”

“ಮಳೆ ಬಂದಾಗ ಅಳ್ಬೇಡ.”

ಜಾಲಹಳ್ಳಿ ಕ್ರಾಸಿನ ಜೆರಾಕ್ಸ್ ಅಂಗಡಿಯ ಮುರಳಿ ಪುಸ್ತಿಕೆಯನ್ನು ಬಿಚ್ಚಿ ಹಾಸಿದ. ಮಡಿಚಿದರೆ ಅಂಗೈಯಷ್ಟು, ಬಿಚ್ಚಿದರೆ ಮೊಳದುದ್ದ. ಹೆಸರೊಂದು ಬಿಟ್ಟರೆ ಪೂರಾ ಖಾಲಿ ಚೌಕಗಳು.

“ಸಾರ್, ಇದರಲ್ಲಿ ಏನಾದ್ರೂ ತುಂಬ್ಸೋದಿದ್ಯಾ?”

“ಮುರಳಿ, ಡಾಕ್ಯುಮೆಂಟು ಅಂದ್ರೆ ಏನು ಅಂತ ನೀನು ನನಗೆ ಹೇಳ್ಕೊಡ್ಬೇಡ.”

ಮುರಳಿ ಅದನ್ನು ಮೆಷೀನಿಗೆ ಕೊಟ್ಟ. ಪುಸ್ತಿಕೆ ಆಚೆಯಿಂದ ಬಿಸಿಯಾಗಿ, ಹೊಳೆಯುತ್ತಾ, ಹಲಗೆಯಂತೆ ಬಿಗಿದುಕೊಂಡು ಬಂತು.

ಸ್ಪೇನಿನ ಮೊದಲ ಬೆಳಗು ಮಂಜಿನದು. ದಾರಿಯ ಎರಡೂ ಕಡೆ ನೀಲಗಿರಿ ಮರಗಳು. ಚಿಕ್ಕಬಾಣಾವರದ ತೋಪಿನದೇ ವಾಸನೆ ಎಂದು ಭದ್ರಮ್ಮ ಎರಡು ಸಲ ನಿಂತು ಉಸಿರೆಳೆದುಕೊಂಡರು. ಎಂಟನೆಯ ಕಿಲೋಮೀಟರಿನಲ್ಲಿ ಒಂದು ಕಾಫಿ ಅಂಗಡಿ. ಅಂಗಡಿಯ ಅಜ್ಜಿ ಭದ್ರಮ್ಮನವರ ಪುಸ್ತಿಕೆಗೆ ಟಪ್ಪೆಂದು ನೇರಳೆ ಬಣ್ಣದ ಕಪ್ಪೆಚಿಪ್ಪಿನ ಸೀಲು ಒತ್ತಿದಳು. ಶ್ಯಾಮಣ್ಣನವರ ಹಲಗೆಗೂ ಒತ್ತಿದಳು. ಅವರು ಅದನ್ನು ಅಭಿಮಾನದಿಂದ ಎತ್ತಿ ಹಿಡಿದರು. ಕಪ್ಪೆಚಿಪ್ಪು, ತುಪ್ಪ ಸವರಿದ ತಟ್ಟೆಯ ಮೇಲಿನ ಬಿಸಿ ಮೈಸೂರುಪಾಕಿನಂತೆ, ನಿಧಾನವಾಗಿ ಕೆಳಗಿಳಿಯಿತು.

ಅಜ್ಜಿ ಹಲಗೆಯನ್ನು ನೋಡಿದಳು, ಶ್ಯಾಮಣ್ಣನವರನ್ನು ನೋಡಿದಳು, ಉಗುರಿನಿಂದ ಪ್ಲಾಸ್ಟಿಕ್ಕನ್ನು ಕೆರೆದಳು. ಆಮೇಲೆ ಡ್ರಾಯರಿನಿಂದ ಹೊಸ ಪುಸ್ತಿಕೆಯೊಂದನ್ನು ತೆಗೆದು ಮುಂದೆ ಇಟ್ಟಳು.

“ಹೊಸದು ತಗೊಳ್ರೀ, ಇನ್ನೂ ಮೊದಲ್ನೇ ಸೀಲು,” ಎಂದರು ಭದ್ರಮ್ಮ.

“ಮೂವತ್ತಾರು ವರ್ಷ ಸರ್ವಿಸ್‌ನಲ್ಲಿ ಡೂಪ್ಲಿಕೇಟಿಗೆ ಕೈಯೊಡ್ಡಿದೋನಲ್ಲ ನಾನು. ಒಣಗಿದ್ರೆ ನಿಲ್ಲುತ್ತೆ.”

ಒಣಗಲೆಂದು ಅವರು ಹಲಗೆಯನ್ನು ಎರಡೂ ಕೈಯಲ್ಲಿ ಅಡ್ಡಡ್ಡ ಹಿಡಿದು, ಮಂಗಳಾರತಿ ತಟ್ಟೆ ಹೊತ್ತ ಪೂಜಾರಿಯಂತೆ ಹದಿನಾಲ್ಕು ಕಿಲೋಮೀಟರು ನಡೆದರು. ಎದುರಾದ ಹಸುಗಳೂ ದಾರಿ ಬಿಟ್ಟವು. ಮಧ್ಯಾಹ್ನ ತುಂತುರು ಶುರುವಾಯಿತು. ಅಷ್ಟು ಹೊತ್ತಿಗೆ ಹಲಗೆಯ ಮೇಲೆ ಮೂರು ಸೀಲುಗಳು ಜೀವ ಹಿಡಿದುಕೊಂಡಿದ್ದವು. ಅವನ್ನು ಉಳಿಸಲು ಶ್ಯಾಮಣ್ಣ ಹಲಗೆಯನ್ನು ಜರ್ಕಿನ್ನಿನ ಒಳಗೆ, ಎದೆಗೆ ಒತ್ತಿಕೊಂಡರು. ಛತ್ರ ತಲುಪಿ ತೆಗೆದು ನೋಡಿದರೆ ಹಲಗೆ ಕನ್ನಡಿಯಂತೆ ಶುಭ್ರ. ಮೂರು ಸೀಲುಗಳೂ ಅವರ ಬಿಳಿ ಅಂಗಿಯ ಮೇಲೆ, ತಿರುವುಮುರುವಾಗಿ.

ಎರಡನೆಯ ದಿನ ಛತ್ರದ ಅಡುಗೆಮನೆಯಿಂದ ಸ್ಟೀಲ್ ಜುಂಗು ತಂದು ಪ್ಲಾಸ್ಟಿಕ್ಕನ್ನು ಉಜ್ಜಿದರು. ಹಲಗೆ ಮಂಜಾಯಿತು. ಶಾಯಿ ಐದು ನಿಮಿಷ ಹೆಚ್ಚಿಗೆ ನಿಂತು ಮತ್ತೆ ಹೊರಟಿತು. ಮೂರನೆಯ ದಿನ ನೇಲ್ ಕಟರಿನಿಂದ ಅಂಚು ಬಿಡಿಸಿ ಹೊದಿಕೆಯನ್ನೇ ಸುಲಿಯಲು ಕೂತರು. ಹೊದಿಕೆ ಬಂತು, ಅದರ ಜೊತೆಗೆ ಕಾಗದದ ಮೇಲ್ಪದರವೂ ಬಂತು, ಮೇಲ್ಪದರದಲ್ಲಿ ಶ್ಯಾಮಣ್ಣನವರ ಹೆಸರೂ ಇತ್ತು.

ಭದ್ರಮ್ಮ ಪಕ್ಕದಲ್ಲಿ ಕೂತು ಬ್ರೆಡ್ಡಿಗೆ ಚಟ್ನಿಪುಡಿ ಉದುರಿಸಿಕೊಳ್ಳುತ್ತಿದ್ದರು. “ಈಗ ನೀವು ಯಾರು ಅನ್ನೋದಕ್ಕೂ ಪುರಾವೆ ಇಲ್ವಲ್ರೀ.”

ನಾಲ್ಕನೆಯ ಬೆಳಿಗ್ಗೆ ಶ್ಯಾಮಣ್ಣ ಯಾರ ಮುಖವನ್ನೂ ನೋಡದೆ ಡೂಪ್ಲಿಕೇಟ್ ಕೊಂಡರು. ಅಷ್ಟರಲ್ಲಿ ಅರವತ್ತು ಕಿಲೋಮೀಟರು ಸೀಲಿಲ್ಲದೆ ಹಿಂದೆ ಬಿದ್ದಿತ್ತು. ಹೊಸ ಶೂ ಕಚ್ಚಿದ ಬಲಗಾಲಿನಲ್ಲಿ ಬೊಬ್ಬೆ ಎದ್ದಿತ್ತು. ಬಸ್ಸು ಮಾತ್ರ ಹತ್ತಲಿಲ್ಲ. ಕುಂಟುತ್ತಲೇ ಆರನೆಯ ದಿನ ಸಾಂತಿಯಾಗೊ ಸೇರಿದರು.

ಅಲ್ಲಿನ ಕಚೇರಿಯ ಕೌಂಟರಿನಲ್ಲಿ ಒಬ್ಬ ಹುಡುಗಿ ಕೂತಿದ್ದಳು. ಭದ್ರಮ್ಮನವರ ಪುಸ್ತಿಕೆಯ ಮೂಲೆಗೆ ಎಣ್ಣೆ ಹತ್ತಿತ್ತು, ಬೆಳ್ಳುಳ್ಳಿ ಘಮ್ಮೆನ್ನುತ್ತಿತ್ತು, ಹದಿನಾಲ್ಕು ಸೀಲುಗಳೂ ನೆಟ್ಟಗೆ ನಿಂತಿದ್ದವು. ಹುಡುಗಿ ನಕ್ಕು ಪ್ರಮಾಣಪತ್ರ ಬರೆಯಲು ಕೂತಳು. ಶ್ಯಾಮಣ್ಣ ತಮ್ಮ ಸರದಿಯಲ್ಲಿ ಅರ್ಧ ತುಂಬಿದ ಡೂಪ್ಲಿಕೇಟ್ ಕೊಟ್ಟರು, ಸುಲಿದ ಹಲಗೆ ಕೊಟ್ಟರು, ಕೊನೆಗೆ ಜರ್ಕಿನ್ನಿನ ಜಿಪ್ಪು ಎಳೆದು ಅಂಗಿಯನ್ನೂ ತೋರಿಸಿದರು. ಹುಡುಗಿ ಎದ್ದುನಿಂತು ಅವರ ಎದೆಯ ಮೇಲಿನ ತಿರುವುಮುರುವು ಕಪ್ಪೆಚಿಪ್ಪನ್ನು ಗೌರವದಿಂದಲೇ ಓದಿದಳು.

“ಐ ಬಿಲೀವ್ ಯು, ಸರ್,” ಎಂದಳು. “ಬಟ್…”

ಉಳಿದದ್ದನ್ನು ಶ್ಯಾಮಣ್ಣನವರೇ ಮೆಲ್ಲಗೆ ಕನ್ನಡದಲ್ಲಿ ಮುಗಿಸಿದರು. ಮೂವತ್ತಾರು ವರ್ಷ ಆ ಮಾತನ್ನು ಕಿಟಕಿಯ ಈಚೆಯಿಂದ ಅವರು ಒಮ್ಮೆಯೂ ಕೇಳಿಸಿಕೊಂಡಿರಲಿಲ್ಲ.

ಹುಡುಗಿ ಏನೋ ನೆನಪಾಗಿ ಭದ್ರಮ್ಮನವರ ಕಡೆ ತಿರುಗಿ ವಿವರಿಸಿದಳು. ಭದ್ರಮ್ಮ ತಲೆಯಾಡಿಸಿ ಗಂಡನಿಗೆ ತಿಳಿಸಿದರು. “ಬೇರೆಯವರ ಪರವಾಗಿ ನಡೆದೆ ಅಂತ ನನ್ನ ಕಾಗದದಲ್ಲಿ ಒಂದು ಹೆಸರು ಸೇರಿಸ್ತಾರಂತೆ ಕಣ್ರೀ. ಕಾಯಿಲೆ ಬಿದ್ದೋರದ್ದು, ಇಲ್ಲಾ ತೀರ್ಕೊಂಡೋರದ್ದು. ನಿಮ್ಮನ್ನ ಯಾವುದ್ರಲ್ಲಿ ಹಾಕ್ಸ್ಲಿ?”

“ಬೇಡ ಬಿಡು.”

ಮ್ಯಾಡ್ರಿಡ್ಡಿನ ಅರಮನೆ, ಬಾರ್ಸಿಲೋನಾದ ಕಡಲತೀರ ಎಲ್ಲವನ್ನೂ ನೋಡಿದರು. ಎಲ್ಲ ಫೋಟೋಗಳಲ್ಲೂ ಭದ್ರಮ್ಮ ಒಂದು ಉದ್ದ ರಟ್ಟಿನ ಕೊಳವೆ ಹಿಡಿದು ನಿಂತಿದ್ದಾರೆ, ಶ್ಯಾಮಣ್ಣ ಆ ಕೊಳವೆಯನ್ನು ನೋಡುತ್ತಿದ್ದಾರೆ. ಊರಿಗೆ ಬಂದ ಮೇಲೆ ಅಂಗಿಯನ್ನು ಮೂರು ನೀರಿನಲ್ಲಿ ಒಗೆದರು. ಪ್ಲಾಸ್ಟಿಕ್ಕಿನ ಮೇಲೆ ಕ್ಷಣ ನಿಲ್ಲದ ಶಾಯಿ ಅಂಗಿಯಿಂದ ಕದಲಲಿಲ್ಲ.

ಕೊಳವೆಯೊಳಗಿನ ಪತ್ರ ಫ್ರೇಮಿನಲ್ಲಿ ಕೂದಲೆಳೆ ವ್ಯತ್ಯಾಸವಿಲ್ಲದೆ ಕೂತಿತು. ಅಳತೆಯಲ್ಲಿ ಶ್ಯಾಮಣ್ಣನವರು ತಪ್ಪಿದವರಲ್ಲ. ಈಗ ಅದರಲ್ಲಿ ಅವರ ಮುಖ ಕಾಣುತ್ತಿರಲಿಲ್ಲ.

ಭಾನುವಾರ ಚನಬಸಪ್ಪ ಬಂದು ಬಹಳ ಹೊತ್ತು ಪತ್ರವನ್ನು ನೋಡಿದರು. “ಇದು ಅಕ್ಕಾವ್ರದ ಐತಿ. ನಿಮ್ಮದೆಲ್ಲೈತ್ರಿ ಸಾಹೇಬ್ರ?”

ಶ್ಯಾಮಣ್ಣ ಕಿಟಕಿಯ ಕಡೆ ನೋಡಿದರು. ನುಗ್ಗೆಮರ ಹೂ ಬಿಟ್ಟಿತ್ತು. ಆಮೇಲೆ ಬಗ್ಗಿ ಬಲಗಾಲಿನ ಕಾಲುಚೀಲ ತೆಗೆದು ಅಂಗಾಲನ್ನು ಮೇಲೆತ್ತಿದರು. ಹಿಮ್ಮಡಿಯಲ್ಲಿ ಬೊಬ್ಬೆ ಒಣಗಿ ರೂಪಾಯಿಯಗಲದ ಗುಂಡನೆಯ ಕಲೆ ಉಳಿದಿತ್ತು. ನೇರಳೆ ಬಣ್ಣ.

ಚನಬಸಪ್ಪ ಜೇಬಿನಿಂದ ಕನ್ನಡಕ ತೆಗೆದು ಹಾಕಿಕೊಂಡರು. ಬಗ್ಗಿ, ಆಚೀಚೆ ತಿರುಗಿಸಿ, ಮೂರು ದಿನ ಓಡಾಡಿಸುವವರ ಗಾಂಭೀರ್ಯದಲ್ಲಿ ಪರೀಕ್ಷಿಸಿದರು.

“ಶಿಕ್ಕಾ ಚಂದ ಬಿದ್ದೈತ್ರಿ,” ಎಂದರು. “ಪಾಸ್.”

ಭದ್ರಮ್ಮ ಕಾಫಿ ತಂದಿಟ್ಟರು. “ಮೆಲ್ಲಗೆ ಹೇಳಿ ಚನಬಸಪ್ಪ. ಇವ್ರು ಕೇಳಿಸ್ಕೊಂಡ್ರೆ ನಾಳೆ ಬೆಳಿಗ್ಗೆ ಕಾಲು ತಗೊಂಡು ಮುರಳಿ ಅಂಗಡಿಗೆ ಹೋಗ್ತಾರೆ.”

ಶ್ಯಾಮಣ್ಣನವರು ಕಾಲುಚೀಲ ಏರಿಸಿಕೊಂಡರು.