ಉತ್ತರದ ಬೆಟ್ಟಕ್ಕೆ ಶುಕ್ರವಾರದ ಬಸ್ಸು

ಮನುಷ್ಯರನ್ನು ಬಸ್ಸಿನಲ್ಲಿ ಕೂರಿಸಿ ಊರಿನಿಂದ ನೂರು ಕಿಲೋಮೀಟರು ಆಚೆ ಇಳಿಸಿದರೆ ಏನಾದರೊಂದು ನಡೆದೇ ನಡೆಯುತ್ತದೆ. ಇದನ್ನು ನಾನು ಪುಸ್ತಕದಲ್ಲಿ ಓದಿ ಹೇಳುತ್ತಿಲ್ಲ. ತೊಂಬತ್ತರ ದಶಕದ ಕೊನೆಯಲ್ಲಿ ಬರ್ ದುಬೈನ ಸಣ್ಣದೊಂದು ಪ್ರವಾಸಿ ಕಚೇರಿಯಲ್ಲಿ ಕೆಲಸ ಮಾಡುತ್ತಿದ್ದಾಗ ಕಣ್ಣಾರೆ ಕಂಡದ್ದು.

ಮೈಸೂರಿನಲ್ಲಿ ಭೂಗೋಳ ಓದಿದ್ದ ನನಗೆ ಅಲ್ಲಿ ದೊರೆತದ್ದು ವಿಮಾನದ ಟಿಕೆಟು ಬರೆಯುವ ಕೆಲಸ. ದುಬೈಗೆ ಬಂದವರೆಲ್ಲ ಮಾಲುಗಳನ್ನು ನೋಡಿ ಹಿಂತಿರುಗುತ್ತಿದ್ದರು. ಉತ್ತರಕ್ಕೆ ರಾಸ್ ಅಲ್ ಖೈಮಾದ ಕಡೆ ಎಂಥ ಬೆಟ್ಟಗಳಿವೆ, ಕಣಿವೆಗಳಿವೆ, ಬಿಸಿನೀರಿನ ಬುಗ್ಗೆಯಿದೆ ಎಂಬುದು ಅನೇಕರಿಗೆ ತಿಳಿದೇ ಇರಲಿಲ್ಲ. ಪ್ರತಿ ಶುಕ್ರವಾರ ಒಂದು ಬಸ್ಸು ಬಿಡೋಣ, ಮಾಹಿತಿಯ ಹಾಳೆಯನ್ನು ನಾನೇ ಬರೆಯುತ್ತೇನೆ, ಜೊತೆಗೂ ಹೋಗುತ್ತೇನೆ ಎಂದು ಮಾಲೀಕರನ್ನು ಒಪ್ಪಿಸಿದೆ. ಉಡುಪಿಯ ಕಡೆಯವರಾದ ಅವರು ಒಂದೇ ಷರತ್ತು ಹಾಕಿದರು: "ನೋಡಿ ಮೇಡಂ, ಈ ಚಳಿಗಾಲ ಮುಗಿಯುವುದರೊಳಗೆ ಬಸ್ಸು ತುಂಬಬೇಕು. ತುಂಬಲಿಲ್ಲವೋ, ಖಲಾಸ್. ನೀವು ಪುನಃ ಟಿಕೆಟು ಬರೆಯುವುದು."

ಇಪ್ಪತ್ತೆರಡು ಸೀಟಿನ ಬಸ್ಸು. ಮೊದಲ ಶುಕ್ರವಾರ ಒಂಬತ್ತು ಜನರಿದ್ದರು, ನನ್ನನ್ನೂ ಚಾಲಕರನ್ನೂ ಸೇರಿಸಿ.

ಒಂಟಿ ಹೆಜ್ಜೆ

ಚಾಲಕರು ಕರಾವಳಿಯವರು, ಐವತ್ತರ ಆಸುಪಾಸು. ಕೈ ಸ್ಟಿಯರಿಂಗಿನ ಮೇಲೆ ಎಷ್ಟು ನೇರವಾಗಿರುತ್ತಿತ್ತೋ ನಾಲಿಗೆ ಅಷ್ಟೇ ಸ್ವತಂತ್ರವಾಗಿರುತ್ತಿತ್ತು. ಕಣಿವೆಯ ಬಾಯಲ್ಲಿ ಒಂದು ಚಪ್ಪಟೆ ಬಂಡೆ, ಅದರ ಮೇಲೆ ಉದ್ದನೆಯದೊಂದು ತಗ್ಗು. ನನ್ನ ಹಾಳೆಯಲ್ಲಿ "ನೀರಿನ ಹರಿವಿನಿಂದ ಸವೆದ ಸುಣ್ಣದಕಲ್ಲು" ಎಂದು ಬರೆದಿದ್ದೆ. ಚಾಲಕರು ಅಲ್ಲಿ ಬಸ್ಸು ನಿಲ್ಲಿಸಿ, "ಎಲ್ಲರೂ ಚಪ್ಪಲಿ ತೆಗೆದು ಇಳಿಯಿರಿ. ಇದು ವನವಾಸದಲ್ಲಿ ಭೀಮಸೇನ ಇಟ್ಟ ಹೆಜ್ಜೆ" ಎಂದರು.

ಎಲ್ಲರೂ ಚಪ್ಪಲಿ ಕಳಚಿದರು. ಮಾಹಿತಿಯ ಹಾಳೆಗಳು ಚಪ್ಪಲಿಗಳ ಕೆಳಗೆ ಹಾರಿಹೋಗದಂತೆ ಭದ್ರವಾಗಿ ಕುಳಿತವು.

ಮರುವಾರ ಹೋಟೆಲೊಂದರಿಂದ ಐದು ಮಂದಿ ಯುರೋಪಿನವರು ಬಂದರು. ಅವರಿಗೆ ಅದೇ ತಗ್ಗು ಕಡಲ್ಗಳ್ಳರ ನಾಯಕನ ಹೆಜ್ಜೆಯಾಯಿತು. ಅದರ ಮುಂದಿನ ವಾರ ಶಾಲಾ ಮಕ್ಕಳಿಗೆ ಡೈನೋಸಾರ್. ನಾನು ಚಾಲಕರನ್ನು ಬದಿಗೆ ಕರೆದು, ಆದಷ್ಟು ಮೃದುವಾಗಿ ಕೇಳಿದೆ: "ಅಣ್ಣಾ, ಯಾರದ್ದೇ ಆಗಲಿ, ಒಂದೇ ಹೆಜ್ಜೆ ಇದೆಯಲ್ಲ? ಇನ್ನೊಂದು ಕಾಲನ್ನು ಎಲ್ಲಿಟ್ಟರು?"

ಅವರು ಕ್ಷಣವೂ ತಡವರಿಸಲಿಲ್ಲ. ಬೆಟ್ಟದ ಆಚೆಗೆ ಕೈ ತೋರಿಸಿ ಹೇಳಿದರು: "ಇನ್ನೊಂದು ಒಮಾನಿನಲ್ಲಿ ಉಂಟು ಮೇಡಂ. ನೋಡಬೇಕಾದರೆ ವೀಸಾ ಬೇಕು."

ಬುಗ್ಗೆಯಲ್ಲಿ ಅಭ್ಯಂಜನ

ಹಾಳೆಯಲ್ಲಿ ನಾನು ಮಾಡಿದ ಒಂದು ತಪ್ಪನ್ನು ಒಪ್ಪಿಕೊಳ್ಳಲೇಬೇಕು. "ಬಿಸಿನೀರಿನ ಬುಗ್ಗೆ: ಸ್ನಾನಕ್ಕೆ ಅತ್ಯಂತ ಪ್ರಶಸ್ತ" ಎಂದಷ್ಟೇ ಬರೆದಿದ್ದೆ. ಆ ವರ್ಷ ನರಕ ಚತುರ್ದಶಿ ಶುಕ್ರವಾರವೇ ಬಂದಿತ್ತು.

ಬೆಂಗಳೂರಿನ ಕಡೆಯ ಮೂವರು ವಾರಗಿತ್ತಿಯರು ಗಂಡಂದಿರು ಮಕ್ಕಳೊಡನೆ ಬಸ್ಸು ಹತ್ತಿದರು. ಅಜ್ಮಾನ್ ದಾಟುವಷ್ಟರಲ್ಲಿ ಹಿರಿಯಾಕೆ ಚೀಲದಿಂದ ಹರಳೆಣ್ಣೆಯ ಬಾಟಲಿ ತೆಗೆದರು. ಉಮ್ ಅಲ್ ಕುವೈನ್ ಬರುವಾಗ ಎಲ್ಲರ ತಲೆಯೂ ಮಿರಮಿರ ಮಿಂಚುತ್ತಿತ್ತು. ಪರಿಚಯವೇ ಇಲ್ಲದ ಮುಂದಿನ ಸೀಟಿನ ಬ್ಯಾಂಕ್ ನೌಕರರಿಗೂ, "ಹಬ್ಬದ ದಿನ ಒಣ ತಲೆಯಲ್ಲಿ ಕೂತಿದ್ದೀಯಲ್ಲಪ್ಪಾ" ಎಂದು ನೆತ್ತಿಗೆ ಬಡಿದಾಗಿತ್ತು.

ಬುಗ್ಗೆಯ ಬಾಗಿಲಲ್ಲಿ ಕಾವಲುಗಾರ ನಮ್ಮ ಮೆರವಣಿಗೆಯನ್ನು ನೋಡಿ ಎರಡೂ ಕೈ ಅಡ್ಡ ಚಾಚಿದ. "ತೇಲ್ ಮಾಫಿ! ಎಣ್ಣೆ ಹಾಕಿಕೊಂಡು ನೀರಿಗೆ ಇಳಿಯುವ ಹಾಗಿಲ್ಲ!"

ಹಿರಿಯಾಕೆ ಸೊಂಟಕ್ಕೆ ಕೈಯಿಟ್ಟು ಕನ್ನಡದಲ್ಲೇ ಉತ್ತರಿಸಿದರು: "ಎಣ್ಣೆ ಇಲ್ಲದೆ ನೀರು ಹುಯ್ದುಕೊಳ್ಳೋಕೆ ನಮ್ಮನೇಲಿ ಗೀಸರ್ ಇಲ್ವೇನಪ್ಪಾ?"

ಅರ್ಧ ಗಂಟೆ ಮಾತುಕತೆ ನಡೆಯಿತು. ಕಡೆಗೆ ಕಾವಲುಗಾರ ಎರಡು ಬಕೆಟ್ಟು ಕೊಟ್ಟು, ಹಿಂಬದಿಯ ಬಚ್ಚಲುಗಳಿಗೆ ನೀರು ಹೊತ್ತುಕೊಂಡು ಹೋಗಲು ಒಪ್ಪಿದ. ಗಂಡಸರು ನೀರು ಹೊತ್ತರು, ಹೆಂಗಸರು ಸೀಗೆಪುಡಿ ಕಲಸಿದರು. ಓಡಾಡುವಾಗ ಕಾವಲುಗಾರ ಕುಂಟುವುದನ್ನು ಹಿರಿಯಾಕೆ ಗಮನಿಸಿದ್ದರು. ಹೊರಡುವಾಗ ಬಾಟಲಿಯಲ್ಲಿ ಉಳಿದ ಎಣ್ಣೆಯನ್ನು ಅವನ ಕೈಗಿಟ್ಟು, ಮಂಡಿಗೆ ಹೇಗೆ ತಿಕ್ಕಬೇಕೆಂದು ಅಭಿನಯಿಸಿ ತೋರಿಸಿದರು.

ಸೀಟಿನ ಕವರುಗಳನ್ನು ಮೂಸಿ ನೋಡಿದ ಮಾಲೀಕರು, "ಎಂತ ಮೇಡಂ, ಬಸ್ಸಿನಲ್ಲಿ ಬಾಣಂತನ ಮಾಡಿದಿರಾ?" ಎಂದು ಕೇಳಿದರು. ನಾನು ಹಾಳೆಯನ್ನು ತಿದ್ದಿದೆ.

ಮರುವಾರ ಹೋದಾಗ ಬುಗ್ಗೆಯ ಬಾಗಿಲಲ್ಲಿ "ಎಣ್ಣೆ ನಿಷಿದ್ಧ" ಎಂದು ಮೂರು ಭಾಷೆಗಳಲ್ಲಿ ಬರೆದ ಹೊಸ ಫಲಕ ತೂಗಾಡುತ್ತಿತ್ತು. ಅದರ ಕೆಳಗೆ ಕಾವಲುಗಾರ ಷರಾಯಿಯನ್ನು ಮೊಣಕಾಲಿನವರೆಗೆ ಮಡಚಿಕೊಂಡು ಕುಳಿತು, ಕಣ್ಣುಮುಚ್ಚಿ ಹರಳೆಣ್ಣೆ ತಿಕ್ಕಿಕೊಳ್ಳುತ್ತಿದ್ದ.

ಬೆಟ್ಟಕ್ಕೊಂದು ಕಾಯಿ

ಜನವರಿಯ ಒಂದು ಶುಕ್ರವಾರ, ಮಗನ ಮನೆಗೆಂದು ಅಲ್ ಐನ್‌ಗೆ ಬಂದಿದ್ದ ನಿವೃತ್ತ ಹೆಡ್‌ಮಾಸ್ಟರರೊಬ್ಬರು ನಮ್ಮೊಡನೆ ಬಂದರು. ಪಂಚೆ, ಕೋಟು, ಕೈಯಲ್ಲೊಂದು ಬಟ್ಟೆಯ ಚೀಲ. ಸಣ್ಣ ಗುಡ್ಡವೊಂದನ್ನು ಹತ್ತಿಸಿ ಕಣಿವೆಯ ನೋಟ ತೋರಿಸುವುದು ನಮ್ಮ ಕಾರ್ಯಕ್ರಮ. ಅವರು ಎಲ್ಲರಿಗಿಂತ ಮೊದಲು ಹತ್ತಿದರು. ನೋಟದ ಕಡೆಗೆ ತಿರುಗಿಯೂ ನೋಡದೆ ಕೇಳಿದರು: "ದೇವರು ಎಲ್ಲಮ್ಮ?"

"ಇಲ್ಲಿ ಗುಡಿ ಇಲ್ಲ ಸರ್. ನೋಟ ಮಾತ್ರ."

"ಬೆಟ್ಟ ಅಂದ ಮೇಲೆ ತುದಿಯಲ್ಲಿ ಒಬ್ಬರು ಇರಬೇಕಲ್ಲ? ಸುಮ್ಮನೆ ಯಾರಾದರೂ ಬೆಟ್ಟ ಹತ್ತುತ್ತಾರೆಯೆ?"

ಅವರು ಚೀಲದಿಂದ ತೆಂಗಿನಕಾಯಿ ತೆಗೆದು, "ತಂದದ್ದನ್ನು ಒಡೆಯದೆ ಇಳಿಯಬಾರದು" ಎಂದು ಪೂರ್ವಕ್ಕೆ ಮುಖಮಾಡಿ ಬಂಡೆಗೆ ಅಪ್ಪಳಿಸಿದರು. ಎರಡೂ ಹೋಳನ್ನು ಕಲ್ಲಿನ ಮೇಲಿಟ್ಟು ಕಣ್ಣುಮುಚ್ಚಿದರು. ಆ ಬೋಳು ಬೆಟ್ಟದಲ್ಲಿ ಎಲ್ಲಿದ್ದವೋ, ನಾಲ್ಕು ಆಡುಗಳು ಬಂದವು. ಮೇಷ್ಟ್ರು ಕಣ್ಣು ತೆರೆಯುವಷ್ಟರಲ್ಲಿ ಕಾಯಿ ಎರಡು ಬಂಡೆ ಮೇಲಕ್ಕೆ ಹೋಗಿತ್ತು.

ಅವರಿಗೆ ನೋವಾಯಿತೇನೋ ಎಂದು ನಾನು ಹೆದರಿದೆ. ಒಬ್ಬರು ಮುನಿಸಿಕೊಂಡರೆ ಮುಂದಿನ ವಾರ ಹತ್ತು ಸೀಟು ಖಾಲಿ. ಆದರೆ ಮೇಷ್ಟ್ರು ಆಡುಗಳನ್ನು ನೋಡಿ ಗಂಭೀರವಾಗಿ ನುಡಿದರು: "ಸೇವೆ ಸಂದಿತು. ಆದರೂ ನಮ್ಮೂರಿನ ಅರ್ಚಕರೇ ವಾಸಿ. ಅರ್ಧ ಹೋಳನ್ನಾದರೂ ವಾಪಸು ಕೊಡುತ್ತಾರೆ."

ಏರುವ ಇಳಿಜಾರು

ಇಷ್ಟಾದರೂ ಬಸ್ಸು ಹದಿಮೂರು, ಹದಿನಾಲ್ಕಕ್ಕಿಂತ ಮೇಲೆ ತುಂಬಲಿಲ್ಲ. ಫೆಬ್ರವರಿ ಬಂದಿತು. ಮಾಲೀಕರು ನನ್ನ ಹಳೆಯ ಮೇಜಿನ ಮೇಲಿನ ಧೂಳನ್ನು ಒರೆಸಿಸಿದರು. ಅದರ ಅರ್ಥ ನನಗಾಯಿತು.

ಕಣಿವೆಯಿಂದ ಹಿಂತಿರುಗುವಾಗ ಒಂದು ಏರುರಸ್ತೆಯಿದೆ. ಚಾಲಕರು ಅಲ್ಲಿ ಬಸ್ಸನ್ನು ನ್ಯೂಟ್ರಲಿಗೆ ಹಾಕಿ, ಸ್ಟಿಯರಿಂಗಿನಿಂದ ಕೈ ತೆಗೆದು ಜೋಡಿಸುತ್ತಿದ್ದರು. ಬಸ್ಸು ತಾನೇ ಮೆಲ್ಲನೆ ಏರತೊಡಗುತ್ತಿತ್ತು. "ಬೆಟ್ಟದ ಶಕ್ತಿ ಎಳೆಯುವುದು ಮಾರಾಯ್ರೆ! ನನ್ನದೆಂತ ಇಲ್ಲ ಇದರಲ್ಲಿ!" ಎನ್ನುತ್ತಿದ್ದರು. ಜನರು ಉಸಿರು ಬಿಗಿಹಿಡಿದು ನೋಡುತ್ತಿದ್ದರು.

ಅದು ಕಣ್ಣಿನ ಭ್ರಮೆ ಎಂದು ನನಗೆ ಮೊದಲಿನಿಂದಲೂ ಅನುಮಾನ. ಅಕ್ಕಪಕ್ಕದ ಬೆಟ್ಟಗಳು ಓರೆಯಾಗಿದ್ದರೆ ಇಳಿಜಾರೂ ಏರಿನಂತೆ ಕಾಣುತ್ತದೆ. ಆದರೆ ಪರೀಕ್ಷಿಸದೆ ಹೇಳುವುದು ನನ್ನ ಸ್ವಭಾವವಲ್ಲ. ದುಬೈನ ರಾಸ್ ಅಲ್ ಖೋರ್‌ನ ಅಂಗಡಿಯೊಂದರಿಂದ, ಗಾರೆಯವರು ನೆಲದ ಮಟ್ಟ ನೋಡಲು ಬಳಸುವ ರಸಮಟ್ಟವನ್ನು ಕೊಂಡುತಂದೆ. ಅಂಗೈಯಷ್ಟು ಉದ್ದದ್ದು, ಹಳದಿ ಬಣ್ಣದ್ದು. ಮುಂದಿನ ಶುಕ್ರವಾರ ಬಸ್ಸು ನಿಲ್ಲಿಸಿ, ರಸ್ತೆಗೆ ಹೊಂದಿಕೊಂಡು ಸಾಗುವ ಸಿಮೆಂಟಿನ ಅಂಚುಗಟ್ಟೆಯ ಮೇಲೆ ಅದನ್ನಿಟ್ಟು ಎಲ್ಲರನ್ನೂ ಕರೆದೆ.

"ನೋಡಿ, ಒಳಗಿನ ಗುಳ್ಳೆ ಯಾವಾಗಲೂ ಎತ್ತರದ ಕಡೆಗೆ ಹೋಗುತ್ತದೆ. ಈಗ ಅದು ಬಸ್ಸಿನ ಹಿಂಬದಿಯ ಕಡೆಗಿದೆ, ನಾವು ಬಿಟ್ಟು ಹೊರಡುವ ಕಡೆಗೆ. ಅಂದರೆ ನಾವು ಏರುತ್ತಿಲ್ಲ. ಇಳಿಯುತ್ತಿದ್ದೇವೆ."

ಚಾಲಕರು ದೂರದ ಬೆಟ್ಟವನ್ನು ನೋಡತೊಡಗಿದರು. ಆರೇಳು ವರ್ಷದ ಹುಡುಗಿಯೊಬ್ಬಳು ನನ್ನ ಕೈ ಜಗ್ಗಿ ಕೇಳಿದಳು: "ಆಂಟಿ, ವೈ ಡಿಡ್ ಯು ಸ್ಪಾಯಿಲ್ ಇಟ್?"

ಆ ಪ್ರಶ್ನೆ ನಾಟಿತು. ಯಾವುದನ್ನೂ ಎಲ್ಲಿಯೂ ಮರೆತು ಬಾರದ ನಾನು ರಸಮಟ್ಟವನ್ನು ಅಲ್ಲೇ ಬಿಟ್ಟು ಬಸ್ಸು ಹತ್ತಿದೆ. ದುಬೈ ತಲುಪಿದಾಗ ಪ್ರಯಾಣಿಕರ ಅಭಿಪ್ರಾಯದ ಚೀಟಿಗಳಲ್ಲಿ ಒಂದು ಹೀಗಿತ್ತು: "ಮೇಡಂ ಇಳಿದು ವಿವರಿಸುವ ತನಕ ಎಲ್ಲವೂ ಅದ್ಭುತವಾಗಿತ್ತು." ಮಾಲೀಕರು ಅದನ್ನೋದಿ, "ನೀವು ಕೆಲವು ವಾರ ಕಚೇರಿಯಲ್ಲೇ ಇರಿ" ಎಂದರು.

ನಾನು ಟಿಕೆಟು ಬರೆಯುತ್ತ ಕುಳಿತೆ. ಆಮೇಲೆ ವಿಚಿತ್ರ ನಡೆಯಿತು. ಮರುವಾರ ಬಸ್ಸಿನಲ್ಲಿ ಹದಿನೆಂಟು ಜನ. ಅದರ ಮುಂದಿನ ವಾರ ಇಪ್ಪತ್ತೆರಡು. "ಆ ಏರುವ ರಸ್ತೆ ತೋರಿಸುತ್ತೀರಲ್ಲ?" ಎಂದು ಅಬುಧಾಬಿಯಿಂದಲೂ ಫೋನು ಬರತೊಡಗಿತು. ಕಾರಣ ತಿಳಿಯದೆ ನನಗೆ ನಿದ್ದೆ ಬಾರದಾಯಿತು. ಮಾರ್ಚ್ ತಿಂಗಳ ಕೊನೆಯ ಶುಕ್ರವಾರ ತಲೆಗೆ ದುಪಟ್ಟಾ, ಕಣ್ಣಿಗೆ ಕಪ್ಪು ಕನ್ನಡಕ ಹಾಕಿಕೊಂಡು, ಬುತ್ತಿಯ ಡಬ್ಬಗಳ ಪಕ್ಕದ ಮಡಚುವ ಸೀಟಿನಲ್ಲಿ ಕುಳಿತು ಹೊರಟೆ. ಅದೊಂದೇ ಖಾಲಿಯಿತ್ತು.

ಏರುರಸ್ತೆ ಬಂದಿತು. ಚಾಲಕರು ಬಸ್ಸು ನಿಲ್ಲಿಸಿ ದನಿ ತಗ್ಗಿಸಿದರು.

"ಬಹಳ ಹಿಂದೆ..." ಎಂದರು. ನಾನು ಅಲ್ಲಿ ಇಳಿದು ಐದು ವಾರವಾಗಿತ್ತು. "ಬಹಳ ಹಿಂದೆ ಇಲ್ಲಿಗೆ ಒಬ್ಬ ಮಹಾ ವಿದ್ಯಾವಂತೆ ಬಂದಳು. ಬೆಟ್ಟದ ಶಕ್ತಿಯನ್ನು ಅಳೆಯುತ್ತೇನೆ ಅಂತ ಎರಡಡಿ ಉದ್ದದ ಯಂತ್ರ ಇಟ್ಟಳು. ಇಟ್ಟದ್ದೇ ಸೈ, ಮಾತು ನಿಂತುಹೋಯಿತು. ಯಂತ್ರ ಬಿಟ್ಟು ಹೋದಳು. ಆ ಮೇಲೆ ಈ ರಸ್ತೆಯಲ್ಲಿ ಅವಳನ್ನು ಕಂಡವರಿಲ್ಲ. ಯಂತ್ರ ಮಾತ್ರ ಇವತ್ತಿಗೂ ಅಲ್ಲೇ ಉಂಟು. ಮುಟ್ಟುವ ಧೈರ್ಯ ಯಾರಿಗೂ ಇಲ್ಲ."

ಪಕ್ಕದ ಸೀಟಿನ ಅಜ್ಜಿಯೊಬ್ಬರು ನನ್ನ ಕೈ ಹಿಡಿದುಕೊಂಡು, "ಪಾಪ, ಯಾರ ಮನೆ ಮಗಳೋ" ಎಂದು ನಿಟ್ಟುಸಿರಿಟ್ಟರು.

ಎಲ್ಲರೂ ಇಳಿದರು. ನನ್ನ ರಸಮಟ್ಟ ಅದೇ ಕಟ್ಟೆಯ ಮೇಲಿತ್ತು. ಸುತ್ತಲೂ ಯಾರೋ ಬೆಣಚುಕಲ್ಲು ಜೋಡಿಸಿದ್ದರು. ಜನರು ಸರದಿಯಲ್ಲಿ ನಿಂತು ಫೋಟೋ ತೆಗೆಸಿಕೊಂಡರು. ಅರ್ಧಕ್ಕರ್ಧ ಫೋಟೋ ತೆಗೆದವಳು ನಾನೇ, ಕೈ ಸ್ಥಿರವಾಗಿದೆಯೆಂದು ಕ್ಯಾಮರಾಗಳೆಲ್ಲ ನನ್ನ ಕೈಗೇ ಬಂದವು. ಕನ್ನಡಕದೊಳಗಿನ ನನ್ನ ಗುರುತು ಹಿಡಿದ ಚಾಲಕರು ಮುಖದ ಬೆವರೊರೆಸಿಕೊಂಡು ಹತ್ತಿರ ಬಂದು ಪಿಸುಗುಟ್ಟಿದರು: "ಮೇಡಂ, ದಮ್ಮಯ್ಯ, ಏನೂ ಹೇಳಬೇಡಿ. ನಿನ್ನೆ ರಾತ್ರಿ ಧಣಿಗಳು ಎರಡನೆಯ ಬಸ್ಸಿಗೆ ಮಾತಾಡಿದ್ದಾರೆ. ನಿಮ್ಮ ಟಿಕೆಟಿನ ಮೇಜನ್ನು ಬೇರೆಯವರಿಗೆ ಕೊಟ್ಟಾಯಿತು, ಇನ್ನು ನೀವು ಬಸ್ಸಿಗೇ."

ಚಳಿಗಾಲವಿಡೀ ನಾನು ಕಾಯುತ್ತಿದ್ದ ಸುದ್ದಿ ಅದು. ಬಾಯಿಯ ತುದಿಗೆ ಬಂದಿದ್ದ ತಿದ್ದುಪಡಿಗಳೆಲ್ಲವನ್ನೂ ನುಂಗಿಕೊಂಡು, ಒಂದನ್ನು ಮಾತ್ರ ಹೇಳಿದೆ: "ಎರಡಡಿ ಅಲ್ಲ ಅಣ್ಣಾ. ಅಂಗೈಯಷ್ಟು."

ಅಷ್ಟರಲ್ಲಿ ಅಜ್ಜಿ ಸೆರಗಿನ ಗಂಟು ಬಿಚ್ಚಿ, ಆಯುಧಪೂಜೆಯಲ್ಲಿ ಹಚ್ಚುವಂತೆ ರಸಮಟ್ಟಕ್ಕೆ ಅಚ್ಚುಕಟ್ಟಾಗಿ ಕುಂಕುಮವಿಟ್ಟರು. ತಿರುಗಿ ನನ್ನನ್ನು ಗದರಿದರು: "ಕಂಬದ ಹಾಗೆ ನಿಂತಿದ್ದೀಯಲ್ಲ, ಕೈ ಮುಗಿಯಮ್ಮಾ!"

ಮುಗಿದೆ. ತಲೆ ಬಾಗಿಸಿದಾಗ ಕುಂಕುಮದ ಕೆಳಗೆ ಗಾಜು ಕಂಡಿತು. ಗುಳ್ಳೆ ಅಂದು ನಾನು ಹೇಳಿದ ಕಡೆಗೇ ಇತ್ತು.