ಹುಣಸಿಮಡ್ಡಿಯ ಬಾವಿ ತೋಡಿದವರು

ಎಲ್ಲ ರಾದ್ಧಾಂತಕ್ಕೂ ಕಾರಣ ಬೋರ್ಡಿನ ಮೇಲಿದ್ದ ಒಂದೇ ಸಾಲು: 'ಊರ ಸಿಹಿನೀರ ಬಾವಿ ತೋಡಿದವರು ಗೌಡರ ಮನೆತನದವರು.'

ಸೀಗಿ ಹುಣ್ಣಿವೆಯ ಭಾನುವಾರ. ಟೊರೊಂಟೊ ಸುತ್ತಮುತ್ತ ನೆಲೆಸಿದ್ದ ಹುಣಸಿಮಡ್ಡಿಯ ಹನ್ನೊಂದು ಮನೆಗಳು ಚರಗ ಚೆಲ್ಲಲು ಕ್ಯಾಲೆಡನ್ನಿನಲ್ಲೊಂದು ಹೊಲವನ್ನು ಒಂದು ದಿನಕ್ಕೆ ಬಾಡಿಗೆ ಹಿಡಿದಿದ್ದವು. ಭೂಮಿತಾಯಿಗೆ ಎಡೆ ಎರಚುವ ಮೊದಲು ಊರಿನ ಇತಿಹಾಸದ ಬೋರ್ಡು ಅನಾವರಣ. ಅದನ್ನು ಬರೆದವರು ನಿಜಗುಣಗೌಡರು. ಮಿಸಿಸಾಗದ ಐಟಿ ಕಂಪನಿಯ ಮ್ಯಾನೇಜರು, ಊರ ಗೌಡಕಿಯ ಏಳನೇ ತಲೆ. ಓದಿದವನು ದ್ಯಾಮಣ್ಣ, ಮಾಲ್ಟನ್ನಿನ ಗೋದಾಮಿನಲ್ಲಿ ಫೋರ್ಕ್‌ಲಿಫ್ಟ್ ಓಡಿಸುವವನು. ಓದಿದ ಕೂಡಲೇ ಅವನ ಮುಖ ಒಲೆಯ ಮೇಲೆ ಮರೆತ ಹಂಚಿನಂತೆ ಕಾಯಿತು.

"ಗೌಡ್ರ, ನಿಮ್ಮ ಮನ್ಯಾಗ ಗುದ್ಲಿ ಹಿಡದಂವ ಯಾರ್ರಿ? ಬಾವಿ ತೋಡಿದಂವ ನಮ್ಮ ಮುತ್ತಜ್ಜ ಶೇಖಪ್ಪ. ಅಂವನ ಹೆಸರು ಬರೀರಿ."

"ಹಬ್ಬದ ದಿನ ಪಾಲಿಟಿಕ್ಸ್ ಬ್ಯಾಡೋ ದ್ಯಾಮಣ್ಣಾ. ಪ್ರೂಫ್ ಐತೇನು?"

ದ್ಯಾಮಣ್ಣನ ಹೆಂಡತಿ ದಾನವ್ವ ಅವನ ಅಂಗಿ ಜಗ್ಗಿದಳು. "ಸುಮ್ಕಿರ್ರಿ, ಮಂದಿ ನೋಡ್ತಾರ."

"ನೋಡ್ಲಿ ಬಿಡ. ಇಷ್ಟು ವರ್ಷ ಯಾರೂ ನೋಡಿಲ್ಲ."

ಅಷ್ಟರಲ್ಲಿ ಕಿರಾಣಿ ಅಂಗಡಿಯ ಈರೇಶ ನಡುವೆ ತೂರಿದ. "ಹಂಗಾರ ನಮ್ಮಜ್ಜ ಊರಿಗೆಲ್ಲಾ ನೇಗಿಲು ಮಾಡಿಕೊಟ್ಟದ್ದು ಎಲ್ಲೈತಿ? ಅದನ್ನೂ ಹಾಕ್ರಿ!"

ಹನ್ನೊಂದು ಮನೆಗಳ ಹನ್ನೊಂದು ಮುತ್ತಜ್ಜರೂ ಎದ್ದು ಬಂದರು. ಕೂಗಾಟ ಮುಗಿಲಿಗೆ ಮುಟ್ಟಿತು. ಹೊಲದ ಮಾಲೀಕ ಬಿಳಿಯ ಮುದುಕ ಟ್ರ್ಯಾಕ್ಟರ್ ನಿಲ್ಲಿಸಿ, ಇದೂ ಪೂಜೆಯ ಭಾಗವೇ ಇರಬೇಕೆಂದು ಟೋಪಿ ತೆಗೆದು ಭಕ್ತಿಯಿಂದ ನಿಂತ.

ಈರೇಶ ತಡಮಾಡದೆ ಊರಿಗೇ ವಿಡಿಯೊ ಕಾಲ್ ಹಚ್ಚಿದ. ತೆರೆಯ ಮೇಲೆ ಬಂದವಳು ಗೌಡರ ಸ್ವಂತ ಅಜ್ಜಿ, ತೊಂಬತ್ತು ದಾಟಿದ ನಿಂಗವ್ವ.

"ಬಾವಿ ಏನೋ? ಶೇಖಪ್ಪ ತೋಡಿದ, ಮೂರು ಬ್ಯಾಸಿಗಿ. ನಾ ಹೊಸಾ ಸೊಸಿ ಆವಾಗ. ನೀರು ಬಿದ್ದ ದಿನ ಊರಿಗೂರ ಕುಣೀತು. ಅಂವನ್ನ ಮ್ಯಾಲೆ ಕರದು, ಇನ್ನ ಬಾವಿ ಮುಟ್ಟಬ್ಯಾಡ ಅಂದ್ರು. ಅಂದಂವ ನಮ್ಮ ಮಾವನ."

ಗೌಡರು ತಮ್ಮ ಬೂಟುಗಳನ್ನು ನೋಡಿಕೊಂಡರು. ಆಮೇಲೆ ಮಾರ್ಕರ್ ತೆಗೆದು, ಗೌಡರ ಮನೆತನವನ್ನು ಹೊಡೆದುಹಾಕಿ, ಶೇಖಪ್ಪನ ಮನೆತನವೆಂದು ದುಂಡಗೆ ಬರೆದರು. ಚಪ್ಪಾಳೆಯೋ ಚಪ್ಪಾಳೆ. ದಾನವ್ವ ಸೆರಗಿನಿಂದ ಕಣ್ಣೊರೆಸಿಕೊಂಡಳು. ದ್ಯಾಮಣ್ಣ ಜೀವಮಾನದಲ್ಲಿ ಮೊದಲ ಸಲ ಮುಂದಿನ ಸಾಲಿನ ಕುರ್ಚಿಯಲ್ಲಿ, ಕಾಲ ಮೇಲೆ ಕಾಲು ಹಾಕಿ ಕೂತ.

ಗೌಡರು ಮೈಕು ಹಿಡಿದರು.

"ಹಿಸ್ಟರಿ ಕ್ಲಿಯರ್ ಆತು, ಚಲೋ ಆತು. ಇನ್ನ ಮಾನ ಮರ್ಯಾದಿನೂ ಅದರ ಪ್ರಕಾರನ ನಡೀಲಿ. ಮೊದಲ ಕಾಯಿ ನಮ್ಮ ಮನಿತನದ್ದು. ನೇಗಿಲ ಪೂಜಿ ಈರೇಶನ ಮನಿತನದ್ದು. ಹುಗ್ಗಿ ಮಾಡಾಕ ಒಲಿ ಕುಣಿ ಆಗಬೇಕಲ್ಲಾ, ನೆಲ ತೋಡೂ ಹಕ್ಕು ಶೇಖಪ್ಪನ ಮನಿತನದ್ದು. ಬ್ಯಾರೆ ಯಾರರ ಸಲಿಕಿ ಮುಟ್ಟಿದ್ರ ಅನ್ಯಾಯ ಆಗತೈತಿ!"

ಈ ಸಲದ ಚಪ್ಪಾಳೆ ಇನ್ನೂ ಜೋರಾಗಿತ್ತು. ಯಾರೋ ಸಲಿಕೆಗೆ ಕುಂಕುಮ ಹಚ್ಚಿ ತಂದೇಬಿಟ್ಟರು.

"ಅಪ್ಪಾ, ಯು ವನ್!" ಎಂದು ಮಗಳು ಐಶ್ವರ್ಯಾ ಕುಣಿದಳು.

ದ್ಯಾಮಣ್ಣ ಬೋರ್ಡಿನತ್ತ ನೋಡಿದ. ಒಲ್ಲೆ ಎಂದರೆ ಈಗಷ್ಟೇ ಬರೆಸಿದ ಹೆಸರನ್ನು ತಾನೇ ಅಳಿಸಿದಂತೆ. ಎದ್ದು, ಹಬ್ಬದ ಅಂಗಿಯ ತೋಳು ಮಡಚಿದ.

"ಎಷ್ಟು ಆಳ ಬೇಕ್ರಿ, ಗೌಡ್ರ?"